ಬೆಂಕಿಗೂಡಿಗೆ ಕಲ್ಲಿನ ಅಂಗಿ

ನಮ್ಮನೇಲಿ ಮಾತು ನೇರವಾಗಿ ಹೋಗಲ್ಲ. ಎಲ್ಲಿಂದ ಹೊರಟ್ರೂ ನನ್ನ ಹತ್ರ ಒಂದು ಸ್ಟಾಪ್ ಕೊಟ್ಟೇ ಮುಂದಕ್ಕೆ ಹೋಗ್ಬೇಕು.

ಅಣ್ಣ ಸೋಫಾದ ಈ ತುದೀಲಿ ಕೂತಿರ್ತಾನೆ, ಅತ್ತಿಗೆ ಆ ತುದೀಲಿ, ನಾನು ನಡುವೆ, ಎರಡು ದೇಶದ ಮಧ್ಯದ ಚೆಕ್‌ಪೋಸ್ಟ್ ಥರ. ಅಣ್ಣ ಕಪ್ಪು ಕೆಳಗಿಟ್ಟು, "ನಿಮ್ಮತ್ತಿಗೆಗೆ ಹೇಳು, ಟೀಗೆ ಸಕ್ಕರೆ ಕಮ್ಮಿ" ಅಂತಾನೆ. ಅತ್ತಿಗೆಗೆ ಕೇಳಿಸಿದೆ. ಪಕ್ಕದ ಮನೆಯವರಿಗೂ ಕೇಳಿಸಿದೆ. ಆದ್ರೂ ಅವರು ಅಲ್ಲಾಡಲ್ಲ. ನನ್ನ ಬಾಯಿಂದ ಬರೋ ತನಕ ಅದು ಮಾತೇ ಅಲ್ಲ, ಬರೀ ಗಾಳಿ. ನಾನು ಆ ಕಡೆ ತಿರುಗಿ, "ಅತ್ತಿಗೆ, ಸಕ್ಕರೆ ಕಮ್ಮಿಯಂತೆ" ಅಂತೀನಿ. ಆಗ ಅವರು, "ನಿಮ್ಮಣ್ಣಂಗೆ ಹೇಳು, ಸಕ್ಕರೆ ಡಬ್ಬಿಗೆ ಕಾಲಿಲ್ಲ, ಅವರಿಗಿದೆ." ನಾನು ಈ ಕಡೆ ತಿರುಗಿ, "ಡಬ್ಬಿಗೆ ಕಾಲಿಲ್ಲವಂತೆ." ಹೀಗೆ ಅಂತೆ ಅಂತೆ ಅಂತ ಕಂತೆ ಹೊತ್ತೂ ಹೊತ್ತೂ ನನ್ನ ಕತ್ತು ಟೇಬಲ್ ಫ್ಯಾನ್ ಆಗಿಹೋಗಿದೆ.

ಹೊಟ್ಟೆಪಾಡೂ ಅದೇ. ಬಸ್ ನಿಲ್ದಾಣದಲ್ಲಿ ಗಾಜಿನ ಗೂಡೊಳಗೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಅಂತ ಮೈಕಲ್ಲಿ ಕೂಗೋದು ನನ್ನ ಕೆಲಸ. ಬಸ್ಸು ನಂದಲ್ಲ, ಪ್ರಯಾಣ ನಂದಲ್ಲ, ತಡ ಆಗಿದ್ದು ನನ್ನಿಂದಲ್ಲ, ಬೈಗುಳ ಮಾತ್ರ ನಂದು. ಅತ್ತಿಗೆ ನನಗೆ ರೇಡಿಯೋ ಅಂತ ಹೆಸರಿಟ್ಟಿದ್ದು ಸುಮ್ನೆ ಅಲ್ಲ.

ಅತ್ತಿಗೆದು ಮನೇಲೇ ಟೈಲರಿಂಗ್. ಹೊಸ ಬಟ್ಟೆ ಹೊಲಿಯಲ್ಲ, ಹೊಲಿದಿರೋದನ್ನ ಸರಿ ಮಾಡ್ತಾರೆ. ದಪ್ಪ ಆದೋರಿಗೆ ಬಿಡ್ತಾರೆ, ಸಣ್ಣ ಆದೋರಿಗೆ ಹಿಡೀತಾರೆ. ಹಿಡಿಯೋದು ಬಿಡೋದು ಎರಡೂ ಚೆನ್ನಾಗಿ ಗೊತ್ತಿರೋ ಹೆಂಗಸು. ಅಣ್ಣಂದು ತಕ್ಕಡಿ ರಿಪೇರಿ. ತರಕಾರಿಯವರದ್ದು, ಹಳೇ ಪೇಪರಿನವರದ್ದು, ಬಂಗಾರದ ಅಂಗಡಿಯವರದ್ದು, ಎಲ್ಲರ ಮುಳ್ಳೂ ನಡುವೆ ನಿಲ್ಲಿಸಿಕೊಡ್ತಾನೆ. ಆಡೋ ಮಾತಿಗೂ ತೂಕ ಇರ್ಬೇಕು ಅನ್ನೋದು ಅವನ ಸಿದ್ಧಾಂತ. ತೂಗಿ ತೂಗಿ, ಯಾವುದೂ ತೂಕಕ್ಕೆ ಬರದೆ, ಕೊನೆಗೆ ಆಡೋದನ್ನೇ ಬಿಟ್ಟ.

ಬಿಟ್ಟಿದ್ದು ಎಲ್ಲಿ ಅಂದ್ರೆ ನಮ್ಮ ಹಾಲಿನಲ್ಲಿರೋ ಬೆಂಕಿಗೂಡಿನ ಮುಂದೆ. ಹಳೇ ಇಟ್ಟಿಗೆದು, ಚಳಿಗಾಲದಲ್ಲಿ ಸೌದೆ ಉರಿಸೋಕೆ ಯಾವ ಕಾಲದಲ್ಲೋ ಕಟ್ಟಿದ್ದು. ನಮಗಿಂತ ಮುಂಚೆ ಇದ್ದೋರು ಯಾರೋ ಪುಣ್ಯಾತ್ಮರು ಅದಕ್ಕೆ ಬಿಳಿ ಆಯಿಲ್ ಪೇಂಟ್ ಬಳಿದು ಆಸ್ಪತ್ರೆ ಗೋಡೆ ಮಾಡಿಟ್ಟಿದ್ರು. ಒಂದು ಚಳಿಗಾಲದ ಸಂಜೆ ಸೌದೆ ಹಚ್ಚಿದಾಗ ಹೊಗೆಯೆಲ್ಲಾ ಹಾಲಿಗೇ ಬಂತು. ಅತ್ತಿಗೆ ಕಿಟಕಿ ತೆಗೀರಿ ಅಂದ್ರು, ಅಣ್ಣ ಇರು ನೋಡ್ತೀನಿ ಅಂದ. ಇವರು ಕೆಮ್ಮಿದ್ರು, ಅವನು ನೋಡ್ತಾನೇ ಇದ್ದ. ಮಾತಿಗೆ ಮಾತು ಬೆಳೀತು. ಅಣ್ಣ, ನಿನ್ನ ಹತ್ರ ಮಾತಾಡೋದೇ ದಂಡ ಅಂದ. ಅತ್ತಿಗೆ, ಹಾಗಾದ್ರೆ ಆಡ್ಬೇಡಿ ಅಂದ್ರು. ಮದುವೆಯಾದ ಮೇಲೆ ಹೆಂಡತಿ ಹೇಳಿದ ಮಾತಲ್ಲಿ ನಮ್ಮಣ್ಣ ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ.

ಆಮೇಲೆ ಮೇಲಿನ ಮನೆಯವರು ಇನ್ನೊಂದು ರೂಮು ಎಬ್ಬಿಸುವಾಗ ಹೊಗೆ ಹೋಗೋ ದಾರಿಗೆ ಕಾಂಕ್ರೀಟ್ ಹಾಕಿ ಮುಚ್ಚಿಬಿಟ್ರು. ಅಲ್ಲಿಗೆ ಬೆಂಕಿಗೂಡಲ್ಲಿ ಬೆಂಕಿನೂ ಇಲ್ಲ, ಹೊಗೆನೂ ಇಲ್ಲ. ಒಲೆಯೂ ಇಲ್ಲ, ಒಲವೂ ಇಲ್ಲ ಅಂತ ನಾನೊಂದ್ಸಲ ತಮಾಷೆ ಮಾಡ್ದೆ. ಇಬ್ಬರೂ ನಗಲಿಲ್ಲ. ಅತ್ತಿಗೆ ಅದರೊಳಗೆ ಹಳೇ ಚಪ್ಪಲಿ ಇಟ್ರು.

ಈ ಸಲ ಚಳಿ ಶುರುವಾದಾಗ ಅತ್ತಿಗೆ ಒಂದು ಸಂಜೆ ಟೀ ಕೊಟ್ಟು, ಸೋಫಾದ ತುದೀಲಿ ಕೂತು, ಸೂಜಿ ಚುಚ್ಚದ ಹಾಗೆ ಬೆರಳಿಗೆ ಸಿಕ್ಕಿಸಿಕೊಂಡಿದ್ದ ಬೆರಳಗಾಪು ತೆಗೆದು ಮಡಿಲಲ್ಲಿಟ್ಕೊಂಡು ಹೇಳಿದ್ರು.

"ರೇಡಿಯೋ, ನಿಮ್ಮಣ್ಣಂಗೆ ಹೇಳು. ನಮ್ಮಕ್ಕನ ಮನೇಲಿ ಕೆಳಗಿನ ರೂಮು ಖಾಲಿ ಆಗಿದೆ. ಮುಂದಿನ ತಿಂಗಳ ಮೊದಲ ಭಾನುವಾರ ಮೆಷಿನ್ ಸಮೇತ ಹೋಗ್ತಿದ್ದೀನಿ."

ಅತ್ತಿಗೆಯ ಅಕ್ಕನ ಮನೆ ಬೇರೆ ಊರಲ್ಲಿದೆ. ನಾನು ದಿನಾ ಕೂಗೋ ಊರುಗಳಲ್ಲಿ ಅದೂ ಒಂದು. ಅಣ್ಣ ಕಪ್ಪಿನೊಳಗೆ ನೋಡ್ತಾ ಕಾಯ್ತಿದ್ದ. ಕೇಳಿಸಿತ್ತು ಅವನಿಗೆ, ಕಿವಿ ಕೆಂಪಾಗಿತ್ತು. ಆದ್ರೂ ಕಾಯ್ತಿದ್ದ. ಕೊನೆಗೆ ನಾನು ಹೇಳ್ದೆ.

ವಾಪಸ್ಸು ಯಾವಾಗಂತೆ ಅಂದ ಅಣ್ಣ. ವಾಪಸ್ಸಿಲ್ಲ ಅಂತ ಹೇಳು ಅಂದ್ರು ಅತ್ತಿಗೆ. ಜಗಳ ಇಲ್ಲ, ಅಳು ಇಲ್ಲ, ದರ್ಜಿ ಅಳತೆ ಹೇಳಿದ ಹಾಗೆ ಹೇಳಿದ್ರು. ಹೇಳೋಕೆ ಮುಂಚೆಯೇ ಒಳಗೆ ಎಲ್ಲಾ ಕತ್ತರಿಸಿ ಆಗಿತ್ತು ಅಂತ ಕಾಣುತ್ತೆ.

ಮಾರನೇ ದಿನ ಅಣ್ಣ ಅಂಗಡಿಯಿಂದ ಬಂದೋನೇ ಬ್ಯಾಗಿಂದ ಒಂದು ಕಲ್ಲು ತೆಗೆದು ನನ್ನ ಕೈಗಿಟ್ಟ. ಅಂಗೈಯಷ್ಟಗಲ, ಹೆಬ್ಬೆರಳಷ್ಟು ದಪ್ಪ, ಮುಂದೆ ಒರಟು, ಹಿಂದೆ ಚಪ್ಪಟೆ. ಗೋಡೆಗೆ ಅಂಟಿಸೋ ಕಲ್ಲಂತೆ, ಕ್ಲಾಡಿಂಗ್ ಅಂತಾರಂತೆ, ಅಂಟಿಸಿದ್ರೆ ಇಡೀ ಗೂಡೇ ಕಲ್ಲಲ್ಲಿ ಕಟ್ಟಿದ ಹಾಗೆ ಕಾಣುತ್ತಂತೆ. ನನ್ನ ಅಂತೆ ಕಾಯಿಲೆ ಅವನಿಗೂ ಅಂಟಿತ್ತು.

ಯಾಕಪ್ಪಾ ಇದು ಅಂದ್ರೆ, ಸ್ವಲ್ಪ ಹೊತ್ತು ತೂಗಿ ಹೇಳಿದ. ಮದುವೆಯಾದ ಹೊಸದರಲ್ಲಿ ಇಬ್ಬರೂ ಎಲ್ಲೋ ಹೋಗಿದ್ದಾಗ ಉಳಿದ ಹೋಟೆಲಿನಲ್ಲಿ ಕಲ್ಲಿನ ಬೆಂಕಿಗೂಡು ಇತ್ತಂತೆ. ಅತ್ತಿಗೆ ಅದರ ಮುಂದೆ ಕೂತು, ಇಂಥದೊಂದು ಮನೇಲಿದ್ರೆ ಮಾತು ತಾನಾಗೇ ಬರುತ್ತೆ ನೋಡಿ ಅಂದಿದ್ರಂತೆ. ಮಾತಾಡದ ಗಂಡಸಿನ ತೊಂದರೆಯೇ ಇದು. ಖರ್ಚಿಲ್ಲದ್ದರಿಂದ ಕೇಳಿದ್ದೆಲ್ಲಾ ಒಳಗೆ ಹಾಗೇ ಉಳಿದಿರುತ್ತೆ.

"ಇದು ನೋಡಿದ್ರೆ ಅವಳು ಹೋಗಲ್ಲ" ಅಂದ.

"ಇರು ಅಂತ ನೀನೇ ಒಂದು ಮಾತಂದ್ರೆ ಕಲ್ಲೂ ಬೇಡ ಸಿಮೆಂಟೂ ಬೇಡ."

"ಅಂತೀನಿ ಕಣೋ. ಇದು ಮುಗೀಲಿ."

ಬೆಂಕಿಯಿಲ್ಲದ ಗೂಡಿಗೆ ಅಂಗಿ ಹೊಲಿಸೋಕೆ ಹೊರಟಿದ್ದ. ಚಳಿಗೆ ಹೊದಿಕೆ ಬೇಕಾಗಿರೋದು ಮನುಷ್ಯರಿಗೆ, ಇವನು ಗೋಡೆಗೆ ಹೊದಿಸ್ತಿದ್ದಾನಲ್ಲ ಅಂತ ನನಗೆ ನಗು ಬಂತು. ಆದ್ರೆ ಆ ಕಲ್ಲು ಹಿಡ್ಕೊಂಡಿದ್ದ ಅವನ ಮುಖ ನೋಡಿ ನಗಲಿಲ್ಲ. ಅತ್ತಿಗೆ ಹೋದ್ರೆ ಅವನಿಗೆ ಏನುಳಿಯುತ್ತೆ ಅಂತ ಲೆಕ್ಕ ಹಾಕ್ದೆ. ನಾನು ಉಳೀತೀನಿ. ಬರೀ ತಂತಿ, ಆ ತುದೀಲಿ ಯಾರೂ ಇಲ್ಲ.

ಮೇಸ್ತ್ರಿ ಕರೆಸೋಣ ಅಂದೆ. ಬೇಡ, ನಾನೇ ಮಾಡ್ಬೇಕು ಅಂದ. ಹಟ. ಕಲ್ಲಿನಂಗಡಿಯವನ ಹತ್ರ ಎರಡು ಸಂಜೆ ಕೂತು ಕಲಿತು ಬಂದ. ಕಲಿತಿದ್ದರಲ್ಲಿ ಮೊದಲನೇ ಪಾಠ, ಪೇಂಟ್ ಮೇಲೆ ಗಾರೆ ಹಿಡಿಯಲ್ಲ. ಹಾಗೇ ಅಂಟಿಸಿದ್ರೆ ಮೂರು ತಿಂಗಳು ನೆಂಟನ ಥರ ಇದ್ದು ಆಮೇಲೆ ಒಂದೊಂದಾಗಿ ಕಳಚಿಕೊಳ್ಳುತ್ತೆ. ಅದಕ್ಕೇ ತಂತಿ ಬ್ರಷ್ ಹಿಡ್ಕೊಂಡು ಆಯಿಲ್ ಪೇಂಟ್ ಉಜ್ಜೋಕೆ ನಿಂತ. ಉಜ್ಜಿದ್ರೆ ಬಿಳಿ ಕೆಳಗೆ ಹಸಿರು, ಹಸಿರು ಕೆಳಗೆ ಇನ್ನೊಂದು ಬಿಳಿ. ಮೂರು ಸಂಸಾರ ಬಳಿದಿದ್ದನ್ನ ಒಬ್ಬ ಉಜ್ಜೋಕಾಗುತ್ತಾ. ಕೊನೆಗೆ ಉಜ್ಜಿದ್ದು ಸಾಕು ಅಂತ ಮೇಲೆ ಕಬ್ಬಿಣದ ಜಾಲರಿ ಹೊಡೆದು, ಸ್ಕ್ರೂ ಬಿಗಿದು, ಅದರ ಮೇಲೆ ತೆಳ್ಳಗೆ ಗಾರೆ ಮೆತ್ತಿ, ಗಾರೆ ಹಸಿ ಇರುವಾಗಲೇ ಹಳೇ ಬಾಚಣಿಗೇಲಿ ಅಡ್ಡಗೆರೆ ಎಳೆದ. ಗೀರಿದ್ರೇನೇ ಮುಂದಿನ ಪದರ ಹಿಡಿಯೋದಂತೆ. ನುಣ್ಣಗಿದ್ರೆ ಜಾರುತ್ತಂತೆ. ಇದನ್ನ ಹೇಳುವಾಗ ಅವನ ಕಣ್ಣಲ್ಲಿ ಬೆಳಕಿತ್ತು. ಸಂಸಾರದ ವಿಷ್ಯ ಮಾತಾಡ್ತಿದ್ದೀನಿ ಅಂತ ಪಾಪ ಅವನಿಗೆ ಗೊತ್ತೇ ಆಗಲಿಲ್ಲ.

ಅತ್ತಿಗೆ ಇದನ್ನೆಲ್ಲಾ ನೋಡ್ತಾ ಓಡಾಡಿಕೊಂಡಿದ್ರು. ಮೊದಲನೇ ದಿನ, ಧೂಳು ಒಳಗೆ ಬರ್ತಿದೆ ಬಾಗಿಲು ಹಾಕ್ಕೋಬೇಕು ಅಂತ ಹೇಳು ಅಂದ್ರು. ಹಾಕ್ಕೊಂಡ ಅಣ್ಣ. ಎರಡನೇ ದಿನ, ಗೂಡಲ್ಲಿದ್ದ ಚಪ್ಪಲಿ ಎಲ್ಲಿ ಕೇಳು ಅಂದ್ರು. ಬಾಲ್ಕನೀಲಿ ಅಂತೆ ಅಂದೆ. ಏನು ಮಾಡ್ತಿದ್ದಾರೆ ಅಂತ ಮಾತ್ರ ಕೇಳಲಿಲ್ಲ. ಆದ್ರೆ ಅಡುಗೆಮನೇಲಿ ನಾನೊಬ್ಬನೇ ಇದ್ದಾಗ, ಚಮಚ ತೊಳೀತಾ, ಹೋಟೆಲಿಂದು ಇನ್ನೂ ದೊಡ್ಡದಿತ್ತು ಅಂದ್ರು. ಯಾವ ಹೋಟೆಲು ಅಂದೆ ಬೇಕಂತಲೇ. ಯಾವುದೋ ಅಂತ ಚಮಚನ ಇನ್ನೊಂದ್ಸಲ ತೊಳೆದ್ರು. ಆ ಮಾತು ನಿಮ್ಮಣ್ಣಂಗೆ ಹೇಳು ಅಂತ ಶುರುವಾಗಿರಲಿಲ್ಲ, ಹಾಗಾಗಿ ನಾನು ದಾಟಿಸೋ ಹಾಗಿರಲಿಲ್ಲ. ಕಾನೂನು ಕಾನೂನೇ.

ಗಾರೆ ಒಣಗೋಕೆ ಬಿಟ್ಟ ದಿನಗಳಲ್ಲಿ ಅಣ್ಣ ಕಲ್ಲುಗಳನ್ನ ಹಾಲಿನ ನೆಲದ ಮೇಲೆ ಜೋಡಿಸಿದ. ಗೋಡೆಗೆ ಹಚ್ಚೋಕೆ ಮುಂಚೆ ನೆಲದ ಮೇಲೆ ಇಡೀ ಗೂಡಿನ ಆಕಾರ ಬರೋ ಹಾಗೆ ಹಾಸಿ ನೋಡ್ಬೇಕಂತೆ, ಯಾವುದರ ಪಕ್ಕ ಯಾವುದು ಅಂತ. ತಂದ ಕಲ್ಲಿನ ಎಲ್ಲಾ ಡಬ್ಬದಿಂದಲೂ ಸ್ವಲ್ಪ ಸ್ವಲ್ಪ ತಗೊಂಡು ಬೆರೆಸ್ಬೇಕು, ಇಲ್ಲಾಂದ್ರೆ ಬೂದಿ ಬಣ್ಣದ್ದೆಲ್ಲಾ ಒಂದು ಕಡೆ, ಕಂದು ಬಣ್ಣದ್ದೆಲ್ಲಾ ಒಂದು ಕಡೆ ಗುಂಪು ಕಟ್ಟಿಕೊಳ್ಳುತ್ತೆ. ಹಾಲಲ್ಲಿ ಬೆಂಕಿಗೂಡು ಅಂಗಾತ ಮಲಗಿತ್ತು. ನಾವು ಮೂವರೂ ಅದನ್ನ ದಾಟಿಕೊಂಡು ಬಾತ್‌ರೂಮಿಗೆ ಹೋಗ್ತಿದ್ವಿ.

ಅಣ್ಣಂಗೆ ತೂಕ ಗೊತ್ತು, ಬಣ್ಣ ಗೊತ್ತಿಲ್ಲ. ಅವನು ಜೋಡಿಸಿದ್ದು ತರಕಾರಿ ಅಂಗಡಿ ಥರ ಇತ್ತು, ದೊಡ್ಡದೆಲ್ಲಾ ಕೆಳಗೆ, ಸಣ್ಣದೆಲ್ಲಾ ಮೇಲೆ. ಬೆಳಿಗ್ಗೆ ಅವನು ಅಂಗಡಿಗೆ ಹೋದ. ಸಂಜೆ ಬಂದು ಲೈಟು ಹಾಕಿದೋನು ಹಾಗೇ ನಿಂತ.

ಎಡಗಡೆ ಮೂಲೇಲಿ ಎರಡು ಕಂದು ಕಲ್ಲು ಒಟ್ಟಿಗೆ ಇದ್ದಿದ್ದು ಈಗ ದೂರ ಆಗಿತ್ತು. ಒಂದು ಉದ್ದದ ಕಲ್ಲು ಬಾಗಿಲ ಕಡೆಯಿಂದ ಹೊರಟು ನಡುವೆ ಬಂದು ಕೂತಿತ್ತು. ಕೆಲಸ ಸ್ವಲ್ಪವೇ, ಆದ್ರೆ ಕಣ್ಣಿಗೆ ಹಿತ. ಕಾಲ ಬೆರಳಲ್ಲಿ ತಳ್ಳಿ ತಳ್ಳಿ ಸರಿಸಿದ ಗುರುತು ಧೂಳಲ್ಲಿತ್ತು.

ಯಾರೋ ಇದು ಅಂದ ಅಣ್ಣ ಮೆಲ್ಲಗೆ. ನಾನಂತೂ ಅಲ್ಲ, ನಾನು ಡ್ಯೂಟಿಗೆ ಹೋಗಿದ್ದೆ ಅಂದೆ. ಅವನು ಮಂಡಿಯೂರಿ ಕೂತು ಆ ಉದ್ದದ ಕಲ್ಲನ್ನ ಮುಟ್ಟಿದ. ಎತ್ತಲಿಲ್ಲ. ಬೇರೆ ಕಡೆ ಒಂದು ಕಲ್ಲು ತಾನೂ ಸರಿಸಿ ಸುಮ್ನೆ ಎದ್ದ. ಮರುದಿನ ಸಂಜೆ ಆ ಕಲ್ಲು ಹಾಗೇ ಇತ್ತು, ಅದರ ಪಕ್ಕದ್ದು ಬದಲಾಗಿತ್ತು.

ಹೀಗೆ ಒಂದು ವಾರ. ಹಗಲು ಅವರು ಸರಿಸೋದು, ಸಂಜೆ ಇವನು ಸರಿಸೋದು. ಚದುರಂಗದ ಆಟ ನೋಡಿದ ಹಾಗೆ ನೋಡ್ತಿದ್ದೆ ನಾನು. ನನ್ನ ಸ್ಟಾಪಿಗೆ ಬರದೇ ಮಾತು ಹೋಗ್ತಿರೋದು ವರ್ಷಗಳ ಮೇಲೆ ಅದೇ ಮೊದಲು. ಕೆಲಸ ಹೋಗುತ್ತೇನೋ ಅಂತ ಖುಷಿಯಾಯ್ತು. ಇಷ್ಟು ಖುಷಿಯಿಂದ ಕೆಲಸ ಕಳಕೊಳ್ಳೋಕೆ ಯಾರೂ ಕಾದಿರಲಿಕ್ಕಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ಸೀಮೆಸುಣ್ಣದ ತುಂಡು ಬಿಟ್ಟು ಹೋಗಿದ್ರು, ಬಟ್ಟೆಗೆ ಗುರುತು ಹಾಕೋ ಚಪ್ಪಟೆ ನೀಲಿ ಸೀಮೆಸುಣ್ಣ. ಅಣ್ಣ ಅದರಲ್ಲೇ ಒಂದೊಂದು ಕಲ್ಲಿನ ಬೆನ್ನಿಗೂ ನಂಬರು ಬರೆದ, ಜಾಗ ಅದಲು ಬದಲಾಗದ ಹಾಗೆ.

ಲೋ, ಹೋಗಲ್ಲ ಅವಳು ಅಂದ ನನಗೆ. ನಂಬಿದೆ ನಾನೂ. ಆದ್ರೆ ಅಡುಗೆಮನೆ ಮೂಲೇಲಿ ರಟ್ಟಿನ ಡಬ್ಬಗಳು ಒಂದಿದ್ದದ್ದು ಐದಾಗಿದ್ದವು. ಅದನ್ನ ಅವನು ನೋಡಲಿಲ್ಲವೋ, ನೋಡಿ ತೂಗಲಿಲ್ಲವೋ.

ಕೊನೇ ವಾರ ಕಲ್ಲು ಹಚ್ಚೋದು ಶುರುವಾಯ್ತು. ಮೂಲೆ ಕಲ್ಲು ಮೊದಲು. ಅದು ಎರಡು ಕಡೆಗೂ ಬಾಗಿರುತ್ತೆ, ಮುಖಕ್ಕೊಂದು ಪಕ್ಕಕ್ಕೊಂದು. ನಾನು ಬಕೀಟಲ್ಲಿ ಕಲ್ಲು ಅದ್ದಿ ಕೊಡೋದು, ಅವನು ಕರಣೇಲಿ ಬೆನ್ನಿಗೆ ಗಾರೆ ಬಳಿದು, ಗೋಡೆಗೆ ಒತ್ತಿ, ಸ್ವಲ್ಪ ಅಲ್ಲಾಡಿಸಿ, ಸುತ್ತಲೂ ಗಾರೆ ಉಕ್ಕೋ ತನಕ ಹಿಡಿದುಕೊಳ್ಳೋದು. ರಸಮಟ್ಟ ಇಟ್ಟು ನೋಡೋದು. ಅದರ ಗಾಜಿನ ಕೊಳವೇಲಿರೋ ಗುಳ್ಳೆ ನಡುವೆ ನಿಂತ್ರೆ ಮಾತ್ರ ಮುಂದಿನದು. ತಕ್ಕಡಿಯವನಿಗೆ ಅದನ್ನ ಹೇಳಿಕೊಡೋದೇ ಬೇಕಿರಲಿಲ್ಲ. ಒಂದು ಬಾಂಡ್ಲಿ ಗಾರೆ ಕಲಸಿದ್ರೆ ಅದು ಮುಗಿಯೋ ತನಕ ನಿಲ್ಲಿಸೋ ಹಾಗಿಲ್ಲ, ಕಲ್ಲಾಗಿಬಿಡುತ್ತೆ. ಅವನು ಎರಡೆರಡು ಬಾಂಡ್ಲಿ ಕಲಸ್ತಿದ್ದ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಮೇಲಿನ ಎರಡು ಸಾಲು ಬಿಟ್ಟು ಎಲ್ಲಾ ಮುಗಿದಿತ್ತು. ಹೇಳ್ತೀನಿ ಕೇಳಿ, ಚೆನ್ನಾಗಿತ್ತು. ಕಿಟಕಿ ಬೆಳಕು ಬಿದ್ದು ಒಂದೊಂದು ಕಲ್ಲೂ ಒಂದೊಂದು ಬಣ್ಣ ಉಗುಳ್ತಿತ್ತು. ಆ ಉದ್ದದ ಕಲ್ಲು ನಡುವೆ ಇತ್ತು. ಅತ್ತಿಗೆ ಒಳಗಿಂದ ಬಂದು ಸೋಫಾದ ತಮ್ಮ ತುದೀಲಿ ಕೂತ್ರು. ಕೈಯಲ್ಲಿ ಹೊಲಿಗೆ ಇಲ್ಲ, ಮಡಚೋ ಬಟ್ಟೆ ಇಲ್ಲ. ಬರೀ ಕೈ. ಅಣ್ಣ ಏಣಿ ಮೇಲಿದ್ದ, ಬೆನ್ನು ಈ ಕಡೆ. ನಾನು ಬಕೀಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೆ.

ಬಹಳ ಹೊತ್ತು ಕಲ್ಲು ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಲಿಲ್ಲ. ರೇಡಿಯೋ ಅನ್ನಲಿಲ್ಲ. ನಿಮ್ಮಣ್ಣಂಗೆ ಹೇಳು ಅನ್ನಲಿಲ್ಲ. ಏಣಿ ಮೇಲಿನ ಬೆನ್ನು ನೋಡಿಕೊಂಡು ಹೇಳಿದ್ರು.

"ಇಲ್ಲಿ ನೋಡಿ. ನಾನು ನಾಳೆ ಹೋಗ್ಲಾ, ಬೇಡ್ವಾ? ನೀವೇ ಹೇಳಿ."

ನನ್ನ ಕೈಯಲ್ಲಿದ್ದ ಕಲ್ಲಿಂದ ನೀರು ತೊಟ್ಟಿಕ್ತಿತ್ತು. ಅಣ್ಣನ ಕರಣೆ ನಿಂತಿತು. ಅವನು ಏಣಿ ಮೇಲಿಂದಲೇ ತಿರುಗಿದ. ತಿರುಗಿ ನನ್ನನ್ನ ನೋಡಿದ.

"ಏನಂತೆ?" ಅಂದ.

ಬೇಕಂತ ಅಂದಿದ್ದಲ್ಲ. ದೇವರಾಣೆ ಬೇಕಂತಲ್ಲ. ಇಷ್ಟು ವರ್ಷ ಆ ದನಿ ಕಿವಿಗೆ ಬಿದ್ದ ತಕ್ಷಣ ಅವನ ಕತ್ತು ನನ್ನ ಕಡೆ ತಿರುಗಿದೆ, ಬಾಯಿ ಏನಂತೆ ಅಂದಿದೆ. ಅವತ್ತೂ ಅಷ್ಟೇ. ಬಾಗಿಲು ತೆಗೆದಿದ್ರೂ ಕಿಟಕಿಯಿಂದ ಇಳಿಯೋ ಅಭ್ಯಾಸ.

ಅತ್ತಿಗೆ ಸಿಟ್ಟಾಗಲಿಲ್ಲ. ಸ್ವಲ್ಪ ನಕ್ಕ ಹಾಗೂ ಮಾಡಿದ್ರು. ಯಾರದೋ ಬಿಗಿಯಾದ ಅಂಗಿಯ ಹೊಲಿಗೆ ಬಿಚ್ಚಿ ನೋಡಿ, ಒಳಗೆ ಬಿಡೋಕೆ ಇನ್ನು ಬಟ್ಟೆಯೇ ಇಲ್ಲ ಅಂತ ಗೊತ್ತಾದಾಗ ಗಿರಾಕಿಗೆ ನಗ್ತಾರಲ್ಲ, ಹಾಗೆ.

"ಏನಿಲ್ಲ ಅಂತ ಹೇಳು ರೇಡಿಯೋ" ಅಂದ್ರು.

ನಾನು ಹೇಳ್ದೆ. ಏನಿಲ್ಲವಂತೆ. ಅಣ್ಣ ತಲೆಯಾಡಿಸಿ ಮುಂದಿನ ಕಲ್ಲಿಗೆ ಕೈ ಚಾಚಿದ. ಅತ್ತಿಗೆ ಎದ್ದು, ಗಿರಾಕಿಗಳ ಬಟ್ಟೆ ಕೊಟ್ಟು ಬರ್ತೀನಿ ಅಂತ ಚೀಲ ತಗೊಂಡು ಹೊರಟ್ರು. ಬಾಗಿಲು ಹಾಕ್ಕೊಂಡ ಸದ್ದಾದ ಮೇಲೆ, ಗೋಡೆಗೆ ಒತ್ತಿ ಹಿಡಿದಿದ್ದ ಕಲ್ಲಿನ ಮೇಲೆ ಅವನ ಕೈ ಸಡಿಲ ಆಯ್ತು.

ಲೋ, ನನ್ನನ್ನೇ ಕೇಳಿದ್ಳಾ ಅಂದ. ಹೂಂ ಅಂದೆ. ಮೆಟ್ಟಿಲಲ್ಲೇ ಸಿಗ್ತಾರೆ, ಹೋಗು ಅಂದೆ. ಅವನು ಏಣಿಯಿಂದ ಇಳಿದ. ಬಾಂಡ್ಲಿ ನೋಡಿದ. ತುಂಬಾ ಇತ್ತು. ಇದೊಂದು ಬಾಂಡ್ಲಿ ಮುಗಿಸಿಬಿಡ್ತೀನಿ, ಬಂದ ತಕ್ಷಣ ಹೇಳ್ತೀನಿ ಅಂದ. ಬಾಂಡ್ಲಿ ಹಾಳಾಗಿಹೋಗ್ಲಿ ಅಂದೆ. ಅವನು ಆಗಲೇ ಕಲ್ಲಿನ ಬೆನ್ನಿಗೆ ಗಾರೆ ಬಳೀತಿದ್ದ. ಗೋಡೆಗೆ ಒತ್ತಿ ರಸಮಟ್ಟ ಇಟ್ಟ. ಗುಳ್ಳೆ ನಡುವೆಯೇ ನಿಲ್ತು.

ಸಂಜೆ ಅತ್ತಿಗೆ ಬಂದು ಅಡುಗೆಮನೇಲಿ ಪಾತ್ರೆಗಳಿಗೆ ಪೇಪರ್ ಸುತ್ತೋಕೆ ಕೂತಾಗ ಅಣ್ಣ ಕೈ ತೊಳೆದು, ಉಗುರು ಸಂದೀಲಿದ್ದ ಸಿಮೆಂಟೂ ತೆಗೆದು, ಶರ್ಟು ಬದಲಾಯಿಸಿ ಬಾಗಿಲ ಹತ್ರ ಬಂದು ನಿಂತ. ನಾನು ಅಲ್ಲಿರಬಾರದು ಅಂತ ಗೊತ್ತಾಯ್ತು. ಹಾಲು ತರ್ತೀನಿ ಅಂತ ಎದ್ದೆ. ಹಾಲಿತ್ತು. ಅದು ಮೂವರಿಗೂ ಗೊತ್ತಿತ್ತು.

ಬೀದಿ ಕೊನೇ ತನಕ ನಡೆದೆ, ವಾಪಸ್ಸು ಬಂದೆ, ಇನ್ನೂ ಹೊತ್ತಾಗಲಿ ಅಂತ ಮತ್ತೆ ಹೋದೆ. ಇಸ್ತ್ರಿ ಅಂಗಡಿಯವನು ಏನು ಕಳ್ಕೊಂಡ್ರಿ ಸಾರ್ ಅಂತ ಕೇಳಿದ. ಕೊನೆಗೆ ಚಳಿ ತಡೀಲಾರದೆ ಮನೆಗೆ ಬಂದು, ಬಾಗಿಲು ತೆಗೆಯುವಾಗ ಸ್ವಲ್ಪ ಸದ್ದು ಮಾಡಿ, ಒಳಗೆ ಕಾಲಿಟ್ಟೆ.

ಇಬ್ಬರೂ ನಾನು ಬಿಟ್ಟು ಹೋದಲ್ಲೇ ಇದ್ರು. ಅಣ್ಣನ ಕೈಯಲ್ಲಿ ಒಂದು ಪಾತ್ರೆ ಇತ್ತು, ಅರ್ಧ ಪೇಪರ್ ಸುತ್ತಿದ್ದ. ಅತ್ತಿಗೆ ಕೈಯಲ್ಲಿ ಅದರ ಮುಚ್ಚಳ. ನನ್ನನ್ನ ನೋಡಿದ ತಕ್ಷಣ ಇಬ್ಬರ ಮುಖದಲ್ಲೂ ಜೀವ ಬಂತು. ತಡವಾದ ಬಸ್ಸು ಕಂಡ ಪ್ರಯಾಣಿಕರ ಮುಖದಲ್ಲಿ ಬರುತ್ತಲ್ಲ, ಅದೇ ಜೀವ. ಅಣ್ಣ, "ನಿಮ್ಮತ್ತಿಗೆಗೆ ಹೇಳು" ಅಂತ ಶುರು ಮಾಡಿದ. ಅದೇ ಹೊತ್ತಿಗೆ ಅತ್ತಿಗೆ, "ನಿಮ್ಮಣ್ಣಂಗೆ ಹೇಳು" ಅಂದ್ರು.

ನಾನು ಹೇಳಲ್ಲ ಅಂದೆ. ಇವತ್ತು ರೇಡಿಯೋಗೆ ರಜ. ಎದುರಿಗೇ ಇದ್ದೀರಲ್ಲ, ಹೇಳ್ಕೊಳ್ಳಿ.

ಅತ್ತಿಗೆ ಕಾದ್ರು. ನಾನು ಕಂಡ ಹಾಗೆ ಅವರು ನಿಜಕ್ಕೂ ಕಾದ್ರು, ಮುಚ್ಚಳ ಎದೆಗೆ ಹಿಡ್ಕೊಂಡು. ಆ ಇರು ಅನ್ನೋ ಪದಕ್ಕೆ ಎರಡೇ ಅಕ್ಷರ. ಅಣ್ಣ ಪಾತ್ರೆ ಮೆಲ್ಲಗೆ ಟೇಬಲ್ ಮೇಲಿಟ್ಟ, ಅದಕ್ಕೆ ಪೇಪರ್ ಪೂರ್ತಿ ಸುತ್ತಿದ, ನೀಟಾಗಿ ಅಂಚು ಒಳಗೆ ಮಡಚಿದ. ಸಂದು ತುಂಬೋದಿದೆ ಅಂತ, ಯಾರಿಗೂ ಅಲ್ಲದ ಹಾಗೆ ಹೇಳಿ, ಹಾಲಿಗೆ ಹೋದ. ಕಲ್ಲು ಕಲ್ಲಿನ ನಡುವಿನ ಸಂದು ತುಂಬೋಕೆ ಅಷ್ಟು ಚೆನ್ನಾಗಿ ಕಲಿತೋನಿಗೆ ಸಂಧಾನ ಒಂದು ಬರಲಿಲ್ಲ.

ಅತ್ತಿಗೆ ಆ ಪಾತ್ರೇನ ಡಬ್ಬದೊಳಗಿಟ್ಟು, ರಜ ಎಲ್ಲಾ ಬೇಡ ರೇಡಿಯೋ, ಆ ಟೇಪು ಕೊಡಿಲ್ಲಿ ಅಂದ್ರು.

ಭಾನುವಾರ ಬೆಳಿಗ್ಗೆ ಅತ್ತಿಗೆಯ ಅಕ್ಕನ ಗಂಡ ವ್ಯಾನ್ ತಗೊಂಡು ಬಂದ್ರು. ಒಳ್ಳೇ ಮನುಷ್ಯ. ಬಂದೋರೇ ಬೆಂಕಿಗೂಡು ನೋಡಿ, ಅಬ್ಬಾ ಏನ್ರೀ ಇದು ಅರಮನೆ ಥರ ಅಂತ ಮೂರು ಸಲ ಅಂದ್ರು. ಹೊಲಿಗೆ ಮೆಷಿನ್ನು ನಾನೂ ಅವರೂ ಇಳಿಸಿದ್ವಿ. ಅಣ್ಣ ಗಾರೆ ತುಂಬಿದ ಚೀಲದ ತುದಿ ಕತ್ತರಿಸಿ, ಕೇಕಿಗೆ ಕ್ರೀಮ್ ಹಿಂಡಿದ ಹಾಗೆ ಕಲ್ಲಿನ ಸಂದಿಗೆ ಹಿಂಡ್ತಾ ಇದ್ದ. ಬೆಳಗಿನಿಂದ ತಿಂಡಿ ತಿಂದಿರಲಿಲ್ಲ. ಡಬ್ಬ ಒಂದೊಂದು ಹೊರಗೆ ಹೋದಾಗಲೂ ಅವನು ಒಂದೊಂದು ಸಂದು ಮುಗಿಸ್ತಿದ್ದ.

ಕೊನೇಲಿ ಅತ್ತಿಗೆ ಸ್ವೆಟರ್ ಹಾಕ್ಕೊಂಡು ಬಂದು ಗೂಡಿನ ಮುಂದೆ ನಿಂತ್ರು. ಆ ಉದ್ದದ ಕಲ್ಲಿನ ಮೇಲೆ ಬೆರಳಾಡಿಸಿದ್ರು, ಈ ತುದಿಯಿಂದ ಆ ತುದಿಗೆ. ಅಣ್ಣ ಅವರಿಂದ ಒಂದು ಮೊಳ ದೂರದಲ್ಲಿದ್ದ. ಅಷ್ಟು ಹತ್ತಿರ ಅವರಿಬ್ಬರನ್ನ ನಾನು ನೋಡಿ ಎಷ್ಟು ಕಾಲ ಆಗಿತ್ತೋ.

"ನಿಮ್ಮಣ್ಣಂಗೆ ಹೇಳು" ಅಂದ್ರು ಅತ್ತಿಗೆ. "ಚೆನ್ನಾಗಿ ಬಂದಿದೆ."

ಚೆನ್ನಾಗಿ ಬಂದಿದೆಯಂತೆ ಅಂದೆ. ಅಣ್ಣ ಚೀಲ ಕೆಳಗಿಟ್ಟ. ಈಗ ಹೇಳ್ತಾನೆ ಅಂದ್ಕೊಂಡೆ. ಬಾಯಿ ತೆಗೆದ.

"ಇನ್ನೂ ಹಸಿ ಇದೆ, ಮುಟ್ಟಬಾರದು ಅಂತ ಹೇಳು" ಅಂದ.

ಅತ್ತಿಗೆ ಬೆರಳು ನೋಡ್ಕೊಂಡ್ರು. ತುದೀಲಿ ಬೂದಿ ಬಣ್ಣದ ಸಿಮೆಂಟು. ನಾನು ಹೇಳೋಕೆ ಮುಂಚೆಯೇ ಕೈ ತೆಗೆದಿದ್ರು. ಕರ್ಚೀಫಿಂದ ಒರೆಸಿಕೊಂಡು, ನನ್ನ ತಲೆ ಮೇಲೆ ಒಂದು ಸಲ ಕೈಯಿಟ್ಟು, ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಮೆಟ್ಟಿಲಿಳಿದ್ರು. ವ್ಯಾನ್ ಹೋದ ಸದ್ದು ಅಡಗೋ ಹೊತ್ತಿಗೆ ಅಣ್ಣ ಸ್ಪಂಜು ಹಿಂಡಿ, ಅವರ ಬೆರಳು ಹೋದ ಜಾಗದಲ್ಲಿ ಕಲೆಯಾಗಿದ್ದ ಗಾರೆ ಒರೆಸೋಕೆ ಹೋದ. ಹೋಗಿ, ಒರೆಸದೆ ನಿಂತ. ಆಮೇಲೆ ಒರೆಸಿದ. ಒಣಗಿದ್ರೆ ಹೋಗಲ್ಲ ಅಂದ ನನಗೆ.

ಮೂರನೇ ದಿನ ಅತ್ತಿಗೆ ಫೋನ್ ಮಾಡಿದ್ರು, ನನಗೆ. ಅಣ್ಣ ಸೋಫಾದ ತನ್ನ ತುದೀಲಿ ಕೂತಿದ್ದ, ಅವರ ತುದಿ ಖಾಲಿ, ನಾನು ಅಭ್ಯಾಸಬಲದಿಂದ ನಡುವೆಯೇ. ರೂಮಿಗೆ ಬಿಸಿಲು ಬರುತ್ತಂತೆ. ಅಕ್ಕನ ಮನೆ ಬೀದೀಲೇ ನಾಲ್ಕು ಜನ ಬಟ್ಟೆ ಕೊಟ್ಟಿದ್ದಾರಂತೆ. ಸಿಮೆಂಟ್ ಧೂಳಿಗೆ ನನಗೆ ಬಂದಿದ್ದ ಕೆಮ್ಮು ಹೇಗಿದೆ, ಊಟಕ್ಕೆ ಏನು ಮಾಡ್ಕೊಂಡ್ರಿ, ಗ್ಯಾಸ್ ಆಫ್ ಮಾಡಿ ಮಲಗ್ತೀರಾ ಅಂತೆಲ್ಲಾ ಕೇಳಿದ್ರು. ದನಿ ಹಗುರ ಇತ್ತು. ನಿಮ್ಮಣ್ಣಂಗೆ ಹೇಳು ಅಂತ ಏನಾದ್ರೂ ಬರುತ್ತೇನೋ ಅಂತ ಕಾದೆ. ಬರಲಿಲ್ಲ. ಮರೆತಿದ್ದಲ್ಲ, ಕೋಪಾನೂ ಅಲ್ಲ. ಆ ಕಡೆಗೆ ಬಸ್ಸು ಬಿಡೋದನ್ನೇ ನಿಲ್ಲಿಸಿದ್ರು, ಅಷ್ಟೇ.

ಫೋನ್ ಇಟ್ಟಾಗ ಅಣ್ಣ ನನ್ನನ್ನೇ ನೋಡ್ತಿದ್ದ.

ಕಲ್ಲು ಸರಿಯಾಗಿ ಹಿಡಿದಿದೆಯಾ ಅಂತ ಕೇಳಿದ್ರು ಅಂದೆ.

ಅವರು ಕೇಳದ್ದನ್ನ ಯಾಕಂದೆನೋ. ಅವನು ಎದ್ದ. ಕರಣೆ ತಗೊಂಡು ಅದರ ಹಿಡಿಯಿಂದ ಕೆಳಗಿನ ಮೊದಲನೇ ಕಲ್ಲಿಗೆ ಟಕ್ ಅಂತ ಬಡಿದು ಕಿವಿಯಿಟ್ಟ. ಹೇಳು ಅವಳಿಗೆ ಅಂದ. ಒಳಗೆ ಪೊಳ್ಳಿದ್ರೆ ಡಬ್ ಅನ್ನುತ್ತೆ, ಹಿಡಿದಿದ್ರೆ ಟಕ್ ಅನ್ನುತ್ತೆ. ಇದು ಟಕ್. ಇದೂ ಟಕ್. ಈ ಉದ್ದದ್ದು ಭಾರ ಜಾಸ್ತಿ, ಕೆಳಗೆ ಕಟ್ಟಿಗೆ ತುಂಡು ಕೊಟ್ಟು ಒಂದು ದಿನ ನಿಲ್ಲಿಸಿದ್ದೆ ಅಂತ ಹೇಳು. ಅವಳು ಸರಿಸಿದ ಕಲ್ಲು ಒಂದೂ ಬದಲಾಯಿಸಿಲ್ಲ ಅಂತ ಹೇಳು. ಎಡಗಡೆ ಕಂದು ಬಣ್ಣದ್ದು ಅವಳು ದೂರ ಮಾಡಿದ್ದೇ ಸರಿ, ನನಗೆ ಹೊಳೆದಿರಲಿಲ್ಲ ಅಂತ ಹೇಳು. ಆ ಸೀಮೆಸುಣ್ಣ ಇನ್ನೂ ಇದೆ, ತುಂಡು ಸಣ್ಣದಾಗಿದೆ ಅಂತ ಹೇಳು. ಶನಿವಾರ ನಾನು ಬೇಕಂತ ಹಾಗಂದಿದ್ದಲ್ಲ ಅಂತ ಹೇಳು. ಮೊದಲನೇ ಸಾಲು ಮುಗಿಸಿ ಎರಡನೇ ಸಾಲಿಗೆ ಬಂದ. ಬಡಿಯೋದು, ಕಿವಿಯಿಡೋದು, ಹೇಳೋದು. ನಮ್ಮಣ್ಣ ಅಷ್ಟು ಮಾತಾಡಿದ್ದನ್ನ ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

ಹೂಂ ಹೇಳ್ತೀನಿ, ಹೇಳ್ತೀನಿ ಅಂತ ಪ್ರತಿಯೊಂದಕ್ಕೂ ತಲೆಯಾಡಿಸ್ತಾ ಕೂತೆ. ಮೇಲಿನ ಸಾಲುಗಳಿಗೆ ಅವನು ಇನ್ನೂ ಏಣಿ ಹತ್ತೋದಿತ್ತು.